ಟುಂಯ್ ಮಿಸ್‌ನ ಅಳತೆ

ಗುರುವಾರ ಹತ್ತೂಕಾಲಕ್ಕೆ ಟುಂಯ್ ಮಿಸ್‌ನ ಕೈಯಿಂದ ಯುಕುಲೆಲೆ ಜಾರಿತು. ನೆಲಕ್ಕೆ ಬಿದ್ದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಬಿದ್ದದ್ದು ಎದುರಿಗೆ ಕೂತಿದ್ದ ನಾಲ್ಕು ವರ್ಷದ ಹುಡುಗಿಯ ಹಣೆಯ ಮೇಲೆ. ಗೋಲಿ ಗಾತ್ರದ ಬುಗುಟೆದ್ದಿತು, ಅಷ್ಟೇ. ಹುಡುಗಿ ಐದು ನಿಮಿಷ ಅತ್ತು, ಬಿಸ್ಕತ್ತು ಸಿಕ್ಕ ಮೇಲೆ ಸುಮ್ಮನಾದಳು. ಮಿಸ್‌ಗೆ ಮಾತ್ರ ಸಮಾಧಾನವಾಗಲಿಲ್ಲ.

ಅವಳು ಶಿಶುವಿಹಾರದ ಹಾಡಿನ ಮಿಸ್. ಯುಕುಲೆಲೆ ಎನ್ನಲು ಮಕ್ಕಳ ನಾಲಿಗೆ ತಿರುಗದು, ಹಾಗಾಗಿ ಆ ನಾಲ್ಕು ತಂತಿಯ ಪುಟ್ಟ ವಾದ್ಯ ಅವರಿಗೆ ಮರಿ ಗಿಟಾರು, ಅದನ್ನು ನುಡಿಸುವವಳು ಟುಂಯ್ ಮಿಸ್. ಐದು ತಿಂಗಳ ರಜೆ ಮುಗಿಸಿ ಅವತ್ತೇ ಕೆಲಸಕ್ಕೆ ಮರಳಿದ್ದಳು. ಬಲ ಎದೆಯಲ್ಲಿ ಗಂಟು ಕಂಡು, ಡಾಕ್ಟರು ಗಂಟಿನ ಜೊತೆಗೆ ಮೊಲೆಯನ್ನೂ ಕಂಕುಳೊಳಗಿನ ಒಂದಷ್ಟು ಗ್ರಂಥಿಗಳನ್ನೂ ತೆಗೆದುಹಾಕಿದ್ದರು. ಜೀವ ಉಳಿಯಿತು. ಆದರೆ ಬಲಗೈ ಮೊದಲಿನ ಹಾಗೆ ಹೇಳಿದ ಮಾತು ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಗಿ ಹಿಡಿದರೆ ಊದಿಕೊಳ್ಳುತ್ತಿತ್ತು.

ಆ ವಾದ್ಯದ ಕಷ್ಟ ನುಡಿಸಿದವರಿಗೇ ಗೊತ್ತು. ತೊಡೆಯ ಮೇಲೆ ಭದ್ರವಾಗಿ ಕೂರುವಷ್ಟು ದೊಡ್ಡದಲ್ಲ. ಬಲ ಮುಂದೋಳಿನಿಂದ ಅದನ್ನು ಎದೆಗೆ ಒತ್ತಿಕೊಂಡು ಅದೇ ಕೈಯ ಬೆರಳಿನಿಂದ ತಂತಿ ಮೀಟಬೇಕು. ಎಡಗೈ ವಾದ್ಯದ ಕತ್ತಿನ ಮೇಲೆ ಸ್ವರ ಬದಲಿಸುತ್ತ ಓಡಾಡಬೇಕು. ಒತ್ತುವ ತೋಳು ಸೋತರೆ ವಾದ್ಯ ಜಾರುತ್ತದೆ. ಜಾರಿದ್ದನ್ನು ತಡೆಯಲು ಎಡಗೈ ಓಡಿದರೆ ಹಾಡು ಕೆಡುತ್ತದೆ. ಕೂತು ನುಡಿಸಬಹುದಲ್ಲ ಎನ್ನುವವರು ಒಮ್ಮೆ ಇಪ್ಪತ್ತಮೂರು ಮಕ್ಕಳನ್ನು ಕೂರಿಸಿ ನೋಡಲಿ. ರೈಲಿನ ಹಾಡಿಗೆ ಅವರೆಲ್ಲ ಮಿಸ್‌ನ ಅಂಗಿಯ ಚುಂಗು ಹಿಡಿದು ಸಾಲಾಗಿ ಕೋಣೆ ಸುತ್ತಬೇಕು. ಎಂಜಿನ್ನೇ ಕುರ್ಚಿಯಲ್ಲಿ ಕೂತರೆ ರೈಲು ಎಲ್ಲಿಗೆ ಹೋದೀತು?

ಹೆಡ್ ಮಿಸ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಬುಗುಟಿಗೆ ಮುಲಾಮು ಹಚ್ಚಿ ಬಂದು ಮೆತ್ತಗೆ ಹೇಳಿದರು: "ನಾಳೆ ಮನೇಲಿರಿ, ಸೋಮವಾರ ಹತ್ತು ಗಂಟೆಗೆ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಹಾಡಿಗೆ ಸ್ಪೀಕರ್ ತರಿಸಿದ್ದೀನಿ. ನೀವು ಆಫೀಸಲ್ಲಿ ಹಾಜರಿ ಪುಸ್ತಕ ನೋಡ್ಕೊಳ್ಳಿ, ಕೈಗೂ ಆರಾಮ."

ಆ ಆರಾಮದ ಮಾತನ್ನು ಹೊತ್ತುಕೊಂಡು ಮಿಸ್ ಮನೆಗೆ ಬಂದಾಗ ಅವಳ ಅಕ್ಕ, ಬೀದಿಗೆಲ್ಲ ಟೈಲರಕ್ಕ, ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಬೀದಿಯ ಕಡೆಯ ಕೋಣೆಯೇ ಅವಳ ಅಂಗಡಿ. ಅಮ್ಮ ಹೋದಾಗ ತಂಗಿಗೆ ಒಂಬತ್ತು ವರ್ಷ, ಇವಳಿಗೆ ಇಪ್ಪತ್ತು. ಅವತ್ತಿನಿಂದ ತಂಗಿಯ ಮೈಮೇಲಿನ ಒಂದೊಂದು ಬಟ್ಟೆಯೂ ಇವಳ ಕೈಯದೇ.

ತಂಗಿ ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, "ಅಕ್ಕ, ಕೂದಲು ಹೋಯ್ತು, ಬಂತು. ಅದು ಹೋಯ್ತು, ಹೋಗ್ಲಿ. ಹಾಡೊಂದಾದ್ರೂ ನನಗೆ ಉಳೀಬೇಕು" ಅಂದಳು.

"ಉಳಿಯುತ್ತೆ. ಸೋಮವಾರ ತಾನೇ? ಇನ್ನೂ ಮೂರು ದಿನ ಇದೆ," ಎಂದಳು ಟೈಲರಕ್ಕ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಮಾತು ಬಹಳ ಧೈರ್ಯದ್ದೆಂಬಂತೆ ಕೇಳಿಸಿತು.

ವಾದ್ಯವನ್ನು ಮೈಗೆ ತೂಗಿಸಿಕೊಳ್ಳುವ ಹಳೆಯ ಪಟ್ಟಿ ಇಲ್ಲದಿರಲಿಲ್ಲ. ವಾದ್ಯದ ಬುಡದಲ್ಲಿ ಒಂದು, ಕತ್ತು ಸೇರುವಲ್ಲಿ ಒಂದು, ಹೀಗೆ ಎರಡು ಗುಂಡಿಗಳಿದ್ದವು. ಪಟ್ಟಿ ಕತ್ತಿನ ಗುಂಡಿಯಿಂದ ಹೊರಟು ಎಡ ಹೆಗಲೇರಿ, ಬೆನ್ನು ಬಳಸಿ, ಬಲ ಕಂಕುಳ ಕೆಳಗಿನಿಂದ ಬಂದು ಬುಡದ ಗುಂಡಿಗೆ ಸಿಕ್ಕಿಕೊಳ್ಳುತ್ತಿತ್ತು. ಈಗ ಆ ಕಂಕುಳಿಗೆ ಅಂಗಿಯ ಹೊಲಿಗೆ ತಾಕಿದರೂ ಉರಿ. ಪಟ್ಟಿ ಹಾಕಿ ಎರಡು ಹಾಡು ನುಡಿಸುವಷ್ಟರಲ್ಲಿ ತಂಗಿಯ ಮುಖ ಸುಣ್ಣದಂತಾಯಿತು.

ಶುಕ್ರವಾರ ಭಾವ ಮೂಗು ತೂರಿಸಿದ. ಟೈಲರಕ್ಕನ ಗಂಡನಿಗೆ ಟೈರಿನ ಅಂಗಡಿ. ಅವನ ಪ್ರಕಾರ ಈ ಲೋಕದ ಕಷ್ಟಗಳಿಗೆಲ್ಲ ರಬ್ಬರೇ ಮದ್ದು. ಹಳೆ ಟ್ಯೂಬಿನ ತುಂಡೊಂದನ್ನು ತಂದು ಯುಕುಲೆಲೆಯ ಬೆನ್ನಿಗೆ ಪೂರ್ತಿ ಅಂಟಿಸಿದ. "ಲಾರಿನೇ ಜಾರಲ್ಲ ಟುಂಯ್ ಮಿಸ್ಸೇ, ಇದ್ಯಾವ ಲೆಕ್ಕ?" ಎಂದ. ಜಾರುವುದೇನೋ ಸ್ವಲ್ಪ ಕಡಿಮೆಯಾಯಿತು. ಆದರೆ ಬೆನ್ನಿಗೆ ದಪ್ಪ ರಬ್ಬರು ಅಂಟಿದ್ದೇ ವಾದ್ಯದ ದನಿ ನೆಗಡಿಯಾದವರ ದನಿಯಾಯಿತು. ಮೇಲಾಗಿ ರಬ್ಬರು ಅಂಗಿಯನ್ನು ಕಚ್ಚಿ ಎಳೆದು, ಒಳಗೆ ಆಪರೇಷನ್ನಿನ ಇನ್ನೂ ಪೂರ್ತಿ ಮಾಯದ ಗೆರೆಯನ್ನು ಹಿಂಡಿತು. ತಂಗಿ ಹಲ್ಲು ಕಚ್ಚಿ ಒಂದು ಹಾಡು ಮುಗಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಮಧ್ಯಾಹ್ನವೆಲ್ಲ ಉಗುರಿನಲ್ಲಿ ಅಂಟು ಕೆರೆದು ತೆಗೆದ.

ಶನಿವಾರ ಟೈಲರಕ್ಕ ಗಿರಾಕಿಗಳ ಬಟ್ಟೆಯನ್ನೆಲ್ಲ ಮೂಲೆಗೆ ತಳ್ಳಿದಳು. ಅವಳಿಗೊಂದು ಉಪಾಯ ಹೊಳೆದಿತ್ತು, ಉಪಾಯ ಒಳ್ಳೆಯದೇ. ಪಟ್ಟಿಯನ್ನು ಬೆನ್ನು ಸುತ್ತಿಸುವುದೇ ಬೇಡ. ತೋಳಿಲ್ಲದ ಗಟ್ಟಿ ಜಾಕೆಟ್ಟೊಂದನ್ನು ಹೊಲಿದು, ಕತ್ತಿನ ಗುಂಡಿಯನ್ನು ಎಡ ಹೆಗಲಿನಿಂದ ಇಳಿದ ಪಟ್ಟಿಗೆ ಸಿಕ್ಕಿಸುವುದು. ಬುಡದ ಗುಂಡಿಗೆ ಜಾಕೆಟ್ಟಿನ ಬಲ ಪಕ್ಕದಲ್ಲೇ ಒಂದು ಕುಣಿಕೆ. ಅಂಗಿಗೆ ಗುಂಡಿ ಹಾಕಿದ ಹಾಗೆ ವಾದ್ಯವನ್ನು ಮೈಗೆ ಹಾಕಿಬಿಡುವುದು. ವಾದ್ಯದ ಬೆನ್ನು ತಾಕುವಲ್ಲಿ, ನೆಲಹಾಸು ಸರಿಯದಿರಲೆಂದು ಅಡಿಗೆ ಹಾಸುತ್ತಾರಲ್ಲ, ಆ ತೆಳು ರಬ್ಬರಿನ ಜಾಲರಿಯ ತುಂಡು. ದನಿಯೂ ಉಳಿಯುತ್ತದೆ, ಅಂಗಿಯೂ ಉಳಿಯುತ್ತದೆ, ಕಂಕುಳಿಗೂ ಏನೂ ತಾಕುವುದಿಲ್ಲ.

ಇಷ್ಟು ಬುದ್ಧಿವಂತಿಕೆ ಮಾಡಿದವಳು ಎಡವಿದ್ದು ಎಲ್ಲಿ ಎಂದರೆ, ಅಳತೆಯಲ್ಲಿ. ಟೈಲರಕ್ಕನಿಗೆ ತನ್ನ ಕಣ್ಣಿನ ಮೇಲೆ ವಿಪರೀತ ಜಂಬ. ಬಾಗಿಲಲ್ಲಿ ನಿಂತವರನ್ನು ಒಮ್ಮೆ ನೋಡಿ ಸೊಂಟ ಇಷ್ಟು, ತೋಳು ಇಷ್ಟು ಎನ್ನುತ್ತಿದ್ದಳು. ಟೇಪು ಹಿಡಿದರೂ ಅದು ಬರೀ ಶಾಸ್ತ್ರಕ್ಕೆ. ಮನೆಯವರಿಗಂತೂ ಟೇಪು ಮುಟ್ಟಿಸಿದವಳೇ ಅಲ್ಲ. ಅಳತೆ ಪುಸ್ತಕದಲ್ಲಿ ತಂಗಿಯದೇ ಒಂದು ಪುಟವಿತ್ತು. ಒಂಬತ್ತು ವರ್ಷದಿಂದ ಹಿಡಿದು ಕಳೆದ ವರ್ಷದವರೆಗಿನ ಕಣ್ಣಳತೆಗಳು ಒಂದರ ಕೆಳಗೊಂದು. ಕೊನೆಯ ಸಾಲು ನೋಡಿ ಟೈಲರಕ್ಕ ಕತ್ತರಿ ಹಿಡಿದಳು.

ಕಳೆದ ವರ್ಷದ ಸಾಲು. ಆಪರೇಷನ್ನಿಗೆ ಮುಂಚಿನದು.

ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಬಲಗಡೆ ಹತ್ತಿ ತುಂಬಿ ಒಂದು ದಿಂಬು ಮಾಡಿ, ಜಾಕೆಟ್ಟಿನೊಳಗೆ ಹೊಲಿದಳು. ಐದು ತಿಂಗಳಿನಿಂದ ಅವಳು ಮಾಡುತ್ತಿದ್ದದ್ದೇ ಅದು. ಆಸ್ಪತ್ರೆಯಿಂದ ಬಂದ ವಾರದಲ್ಲೇ ತಂಗಿಯ ಎಂಟೂ ಅಂಗಿಗಳ ಬಲಗಡೆ, ಯಾರೂ ಹೇಳದೆ, ಹತ್ತಿ ತುಂಬಿ ಹೊಲಿದಿಟ್ಟಿದ್ದಳು. ತಂಗಿ ಮಾತಾಡದೆ ತೊಟ್ಟುಕೊಂಡಿದ್ದಳು. ಆ ಐದು ತಿಂಗಳಲ್ಲಿ ಟೈಲರಕ್ಕ ಗಂಜಿ ಕುಡಿಸಿದಳು, ವಾಂತಿ ಬಳಿದಳು, ಉದುರಿದ ಕೂದಲು ಗುಡಿಸಿದಳು. ಆದರೆ ನರ್ಸು ಬಂದು ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ಸರಿಯಾಗಿ ಅವಳಿಗೆ ಅಂಗಡಿಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಆ ಜಾಗವನ್ನು ಅವಳು ಈವರೆಗೆ ಒಮ್ಮೆಯೂ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಜಾಕೆಟ್ಟು ತಯಾರು. ಬೂದು ಬಣ್ಣದ ಕ್ಯಾನ್‌ವಾಸು, ಅಂಚಿಗೆ ಹಳದಿ ಪಟ್ಟಿ, ನೋಡಲು ಸೊಗಸಾಗಿತ್ತು. ತಂಗಿ ತೊಟ್ಟು, ಎರಡೂ ಗುಂಡಿ ಸಿಕ್ಕಿಸಿ, ರೈಲಿನ ಹಾಡು ಶುರುಮಾಡಿದಳು. ಮೊದಲ ಸಾಲಿಗೆ ಮೂವರೂ ನಕ್ಕರು. ಎರಡನೇ ಸಾಲಿಗೆ ಅವಳು ಹಾಡಲು ಉಸಿರೆಳೆದುಕೊಂಡಳು, ದಿಂಬು ಮೇಲೆದ್ದಿತು, ಯುಕುಲೆಲೆ ಅದರ ಮೇಲಿಂದ ಹೊರಳಿ ತಂತಿಗಳೆಲ್ಲ ಛಾವಣಿಯ ಕಡೆ ತಿರುಗಿದವು.

"ಕುಣಿಕೆ ಸಡಿಲ ಆಯ್ತು, ಬಿಚ್ಚು," ಎಂದಳು ಟೈಲರಕ್ಕ.

ಕುಣಿಕೆ ಬಿಗಿಮಾಡಿದಳು. ಈಗ ವಾದ್ಯ ಕೆಳಕ್ಕೆ ತೂಗಿತು. ಸೊಂಟಕ್ಕೊಂದು ಪಟ್ಟಿ ಹೊಲಿದಳು. ವಾದ್ಯದ ಕತ್ತು ಎಡಕ್ಕೆ ಬಾಗಿತು. ಅದಕ್ಕೆಂದು ಇನ್ನೆರಡು ಪಟ್ಟಿ. ಹತ್ತಿ ಸಾಲದೆಂದು ಇನ್ನಷ್ಟು ತುರುಕಿದಳು. ಊಟದ ಹೊತ್ತಿಗೆ ತಂಗಿಯ ಮೈಮೇಲೆ ನಾಲ್ಕು ಪಟ್ಟಿ, ಆರು ಗುಂಡಿ. "ಅಂಚೆಗೆ ಹಾಕೋ ಪಾರ್ಸೆಲ್ ಆಗಿದ್ದೀಯ," ಎಂದ ಭಾವ. ಯಾರೂ ನಗಲಿಲ್ಲ. ಬಲಗೈ ಆಗಲೇ ಮಣಿಕಟ್ಟಿನವರೆಗೆ ಊದಿತ್ತು.

ತಂಗಿ ಒಂದೊಂದೇ ಗುಂಡಿ ಬಿಚ್ಚಿದಳು. ಯುಕುಲೆಲೆಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. "ಸಾಕಕ್ಕ. ಹಾಜರಿ ಪುಸ್ತಕ ಜಾರಲ್ಲ. ನಾಳೆ ಅದನ್ನೇ ಹಿಡ್ಕೋತೀನಿ."

"ಇನ್ನೊಂದು ಸಲ ನೋಡೋಣ ಕಣೇ. ಹತ್ತಿ ಬದಲು ಸ್ಪಂಜು ಹಾಕಿ..."

"ಹತ್ತಿ ಹಾಕು ಅಂತ ನಾನು ಕೇಳಿದ್ನಾ?" ತಂಗಿಯ ದನಿ ಏರಲಿಲ್ಲ, ಏರಿದ್ದರೆ ಟೈಲರಕ್ಕ ತಡೆದುಕೊಳ್ಳುತ್ತಿದ್ದಳು. "ಎಂಟು ಅಂಗಿಗೆ ತುಂಬಿದ್ಯಲ್ಲ, ಒಂದು ಸಲ ಆದ್ರೂ ಕೇಳಿದ್ಯಾ? ನಿನಗೆ ನೋಡೋಕಾಗಲ್ಲ ಅಂತ ನಾನು ಅದನ್ನ ಹೊತ್ಕೊಂಡು ತಿರುಗ್ತಾ ಇದ್ದೀನಿ."

ಅವಳು ಕೋಣೆಗೆ ಹೋದಳು. ಈ ಸಲ ಬಾಗಿಲು ಹಾಕುವ ಗೋಜಿಗೂ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದು ಅಂಗಡಿಯಿಂದಲೇ ಕಾಣುತ್ತಿತ್ತು. ಟೈಲರಕ್ಕನಿಗೆ ಎದೆಯಲ್ಲಿ ಕತ್ತರಿ ಆಡಿಸಿದಂತಾಯಿತು. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದೆ ಜಾಕೆಟ್ಟಿನ ಮೇಲೆ ತೀರಿಸಿಕೊಂಡಳು. ದಿಂಬಿನ ಹೊಲಿಗೆಯನ್ನು ಬ್ಲೇಡಿನಿಂದ ಸೀಳಿ, ಹತ್ತಿಯನ್ನು ಕಿತ್ತು ನೆಲಕ್ಕೆಸೆದಳು. ನಾಳೆ ಹತ್ತು ಗಂಟೆಗೆ ಹೆಡ್ ಮಿಸ್ ಮೆತ್ತಗೆ ಮಾತಾಡುವುದೂ, ತಂಗಿ ತಲೆಯಾಡಿಸುವುದೂ ಕಣ್ಣಿಗೆ ಕಟ್ಟಿತು. ಅವಳನ್ನು ಸಾವಿನ ಬಾಯಿಂದ ಎಳೆದು ತಂದು ಒಂದು ಮೇಜಿನ ಹಿಂದೆ ಕೂರಿಸಿದಂತಾಗುತ್ತದೆ. ಅದಕ್ಕೆ ತಾನೇ ದಿಂಬು ಹೊಲಿದುಕೊಟ್ಟಂತೆಯೂ ಆಗುತ್ತದೆ.

ಭಾವನಿಗೆ ಮನೆಯಲ್ಲಿ ಮೌನ ಎಂದರೆ ಆಗದು. ಏನಾದರೂ ಕೋತಿಚೇಷ್ಟೆ ಮಾಡದೆ ಅವನಿಗೆ ಇರಲಾಗುವುದಿಲ್ಲ. ಸೀಳಿದ ಜಾಕೆಟ್ಟನ್ನು ಎತ್ತಿಕೊಂಡು ತೋಳು ತೂರಿಸಿದ. ಚೀಲದಿಂದ ಯುಕುಲೆಲೆ ತೆಗೆದು ಮೊದಲಿನ ಎರಡೇ ಗುಂಡಿಗೆ ಸಿಕ್ಕಿಸಿಕೊಂಡ.

"ಹೆಡ್ ಮಿಸ್‌ಗೆ ಹೇಳು, ನಾಳೆಯಿಂದ ಟುಂಯ್ ಮಾಮ ಬರ್ತಾನೆ ಅಂತ."

"ಸುಮ್ನಿರ್ರೀ. ಕಾಲಕ್ಕೆ ತಕ್ಕ ತಮಾಷೆ ಮಾಡಿ," ಎನ್ನುತ್ತ ತಲೆಯೆತ್ತಿದ ಟೈಲರಕ್ಕ ಹಾಗೇ ನಿಂತಳು.

ಗಂಡ ಎರಡೂ ಕೈ ಬಿಟ್ಟಿದ್ದ. ಯುಕುಲೆಲೆ ಜಾರಲಿಲ್ಲ. ಅವನು ಕುಣಿದ, ಬಾಗಿದ, ಮಂಡಿಯೂರಿ ಎದ್ದ. ಅದು ಗೋಡೆಗೆ ಹೊಡೆದ ಗಡಿಯಾರದ ಹಾಗೆ ಅಲ್ಲೇ ಇತ್ತು.

"ಕೈ ಇಟ್ಕೊಂಡಿಲ್ಲ ತಾನೇ ನೀವು?"

"ಎಲ್ಲಿ ಇಟ್ಕೊಂಡಿದ್ದೀನಿ? ನನ್ನೆದೆ ನೋಡು, ಹಲಗೆ ಇದ್ದಂಗಿದೆ. ಇದರ ಬೆನ್ನೂ ಹಲಗೆ. ಎಲ್ಲಿಗೆ ಜಾರುತ್ತೆ..." ಎಂದವನು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಟೈಲರಕ್ಕ ನೆಲದ ಮೇಲಿನ ಹತ್ತಿಯನ್ನು ನೋಡಿದಳು. ಬೆಳಿಗ್ಗೆಯಿಂದ ತಾನು ಜಾರಿಸುತ್ತಿದ್ದದ್ದು ಇದನ್ನು ಇಟ್ಟುಕೊಂಡೇ. ಪಟ್ಟಿಯ ತಪ್ಪಲ್ಲ, ಕುಣಿಕೆಯ ತಪ್ಪಲ್ಲ. ಇಲ್ಲದ ಮೈಗೆ ಅವಳು ಬಟ್ಟೆ ಹೊಲಿಯುತ್ತಿದ್ದಳು. ಮೇಜಿನ ಮೇಲಿದ್ದ ಟೇಪನ್ನೂ ಅಳತೆ ಪುಸ್ತಕವನ್ನೂ ಎತ್ತಿಕೊಂಡು, ಧೈರ್ಯ ಕೈಕೊಡುವ ಮುಂಚೆ ಒಳಗೆ ನಡೆದಳು.

"ಏಳು. ಅಳತೆ ತಗೋಬೇಕು."

ತಂಗಿ ತಿರುಗಿ ನೋಡಿದಳು. ಟೇಪು ನೋಡಿದಳು, ಅಕ್ಕನ ಮುಖ ನೋಡಿದಳು. ಎದ್ದು ಕಿಟಕಿಯ ಪರದೆ ಎಳೆದು, ಅಂಗಿ ಕಳಚಿ ನಿಂತಳು.

ಟೈಲರಕ್ಕ ನೋಡಿದಳು. ಬಲಗಡೆ ಚಪ್ಪಟೆ. ಎದೆಯ ನಡುವಿನಿಂದ ಕಂಕುಳವರೆಗೆ ಓರೆಯಾಗಿ ಒಂದು ಗೆರೆ, ಅವಸರದಲ್ಲಿ ಹಾಕಿದ ಹೊಲಿಗೆಯ ಹಾಗೆ ಅಲ್ಲಲ್ಲಿ ಸುಕ್ಕು. ಅದರ ಕೆಳಗೆ ಪಕ್ಕೆಲುಬು ಉಸಿರಿಗೆ ಏರಿಳಿಯುತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ತಾನೇ ಸ್ನಾನ ಮಾಡಿಸಿದ ಮೈ ಇದು. ಆಗಲೂ ಹೀಗೇ ಎಲುಬು ಕಾಣುತ್ತಿದ್ದವು. ಟೇಪನ್ನು ಹೆಗಲ ಮೇಲಿಟ್ಟು ಕೆಳಗೆ ಬಿಟ್ಟಾಗ ಬೆರಳು ಒತ್ತಲು ಅಂಜಿ ಟೇಪು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು.

ತಂಗಿ ಟೇಪಿನ ತುದಿಯನ್ನು ತಾನೇ ಹಿಡಿದು ಹೆಗಲ ಮೇಲೆ ಒತ್ತಿಕೊಂಡಳು. "ಸರಿಯಾಗಿ ಹಿಡಿಯಕ್ಕ. ಮುರಿದು ಹೋಗಲ್ಲ ನಾನು."

"ನೋವಾಗುತ್ತಾ?"

"ಮುಟ್ಟಿದ್ರೆ ಇಲ್ಲ. ಉಜ್ಜಿದ್ರೆ ಆಗುತ್ತೆ."

ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಟೈಲರಕ್ಕ ಎದೆಗೆ ಒಂದೇ ಅಳತೆ ಬರೆದವಳು. ಅವತ್ತು ಎಡಕ್ಕೊಂದು, ಬಲಕ್ಕೊಂದು ತೆಗೆದಳು. ಬಲಗಡೆ ಎರಡು ಬೆರಳಿಗೂ ಹೆಚ್ಚು ವ್ಯತ್ಯಾಸವಿತ್ತು; ಕುಣಿಕೆ ಇರಬೇಕಾದ ಜಾಗ ಅದು ಇದ್ದ ಜಾಗದಿಂದ ಅಷ್ಟೇ ದೂರ. ಬರೆಯಲು ಪುಸ್ತಕ ತೆರೆದರೆ ಸಾಲುಗಳೆಲ್ಲ ಕಲೆಸಿಹೋದವು, ಕಣ್ಣಲ್ಲಿ ಅಷ್ಟು ನೀರು.

"ಕೊಡಿಲ್ಲಿ," ಎಂದು ತಂಗಿ ಪೆನ್ಸಿಲು ಕಸಿದುಕೊಂಡು, ಕಳೆದ ವರ್ಷದ ಸಾಲಿನ ಕೆಳಗೆ ಹೊಸ ಸಾಲನ್ನು ತಾನೇ ಬರೆದಳು.

ಸಂಜೆ ಬೆಳಕು ಇಳಿಯುವಷ್ಟರಲ್ಲಿ ಹೊಸ ಜಾಕೆಟ್ಟು ಎದ್ದಿತು. ಎಡಗಡೆ ಉಬ್ಬಿಗೆ ಮಡಿಕೆ ಹಿಡಿದು, ಬಲಗಡೆ ನೇರ. ಒಳಗೆ ಮಾಯದ ಗೆರೆಗೆ ಉಜ್ಜದಂತೆ ಹಳೆಯ ಮೆತ್ತನೆ ಹತ್ತಿ ಬಟ್ಟೆಯ ಅಸ್ತರು, ಹೊರಗೆ ಜಾಲರಿ. ಒಂದೇ ಪಟ್ಟಿ, ಒಂದೇ ಕುಣಿಕೆ. ಅದರೊಳಗೆ ತೊಡಲು ಹತ್ತಿ ತುಂಬದ ತೆಳು ಅಂಗಿಯೊಂದನ್ನೂ ಹೊಲಿದಳು.

ಸೋಮವಾರ ಹತ್ತು ಗಂಟೆಗೆ ಟೈಲರಕ್ಕ ಶಿಶುವಿಹಾರದ ಓಣಿಯಲ್ಲಿ, ಗಾಜಿನ ಕಿಟಕಿಯ ಹೊರಗೆ ನಿಂತಿದ್ದಳು. ಕೈಚೀಲದಲ್ಲಿ ಸೂಜಿ, ದಾರ, ಎರಡು ಗುಂಡಿ. ಒಳಗೆ ಹೆಡ್ ಮಿಸ್ ಮೂಲೆಯ ಮೇಜಿನ ಬಳಿ ಕೂತಿದ್ದರು. ಮೇಜಿನ ಮೇಲೆ ಸ್ಪೀಕರ್ ಪೆಟ್ಟಿಗೆ ಸಿದ್ಧವಾಗಿತ್ತು. ಬುಗುಟಿನ ಹುಡುಗಿ ಈ ಸಲ ಬುದ್ಧಿವಂತಿಕೆಯಿಂದ ಹಿಂದೆ ಕೂತಿದ್ದಳು.

ಮೊದಲ ಹಾಡಿಗೆ ತಂಗಿ ಅಂಜುತ್ತಂಜುತ್ತ ನುಡಿಸಿದಳು. ಎಡಗೈ ಅಭ್ಯಾಸಬಲದಿಂದ ವಾದ್ಯವನ್ನು ಹಿಡಿಯಲು ಓಡುತ್ತಿತ್ತು. ಹಿಡಿಯುವ ಅಗತ್ಯವಿಲ್ಲವೆಂದು ಅದಕ್ಕೆ ತಿಳಿಯಲು ಒಂದು ಹಾಡೇ ಬೇಕಾಯಿತು. ರೈಲಿನ ಹಾಡಿಗೆ ಮಕ್ಕಳು ಎದ್ದು ಚುಂಗು ಹಿಡಿದರು. ಬುಗುಟಿನ ಹುಡುಗಿ ಬರಲಿಲ್ಲ. ದೂರದಿಂದಲೇ ಮಿಸ್‌ನ ಎದೆಯನ್ನು ದಿಟ್ಟಿಸಿ ಕೇಳಿದಳು: "ಮಿಸ್, ನಿಮ್ದು ಈ ಕಡೆ ಎಲ್ಲಿ ಹೋಯ್ತು?"

ಹೆಡ್ ಮಿಸ್ ಕುರ್ಚಿಯಿಂದ ಅರ್ಧ ಎದ್ದರು. ಟೈಲರಕ್ಕನ ಕೈ ಗಾಜಿಗೆ ಒತ್ತಿಕೊಂಡಿತು. ಈಗ ಇವಳು ಕುಸಿಯುತ್ತಾಳೆ ಎಂದುಕೊಂಡಳು.

"ಹುಷಾರಿರಲಿಲ್ಲ, ಡಾಕ್ಟರು ತೆಗೆದ್ರು," ಎಂದಳು ತಂಗಿ. ಅವಳ ದನಿ ಒಂದು ಚೂರು ಒಡೆಯಿತು, ಒಡೆದದ್ದನ್ನು ಅವಳು ಮುಚ್ಚಿಡಲಿಲ್ಲ. "ಈಗ ಅಲ್ಲಿ ಮರಿ ಗಿಟಾರು ಕೂರುತ್ತೆ."

ಹುಡುಗಿ ಯೋಚಿಸಿದಳು. "ಮತ್ತೆ ಬೀಳುತ್ತಾ?"

"ನೀನೇ ನೋಡು," ಎಂದು ತಂಗಿ ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಳು. ಊದುವ ಕೈ, ಊದದ ಕೈ, ಎರಡೂ ಬರಿದಾಗಿ ಗಾಳಿಯಲ್ಲಿದ್ದವು. ಯುಕುಲೆಲೆ ಎದೆಯ ಮೇಲೆ ಉಸಿರಿನೊಡನೆ ಏರಿ, ಉಸಿರಿನೊಡನೆ ಇಳಿಯಿತು. ಹುಡುಗಿ ಬಂದು ಒಂದು ಚಾಚಿದ ಕೈಯನ್ನು ಹಿಡಿದು ಸ್ವಲ್ಪ ಜಗ್ಗಿ ಪರೀಕ್ಷಿಸಿ, ಸಾಲಿನ ಮೊದಲಿಗೇ ನಿಂತುಕೊಂಡಳು. ರೈಲು ಹೊರಟಿತು. ಎರಡನೇ ಸುತ್ತಿಗೆ ಹೆಡ್ ಮಿಸ್ ಸ್ಪೀಕರ್ ಪೆಟ್ಟಿಗೆಯ ತಂತಿ ಸುತ್ತಿ, ತಾವೇ ಎತ್ತಿಕೊಂಡು ಹೊರಗೆ ಹೋದರು. ಓಣಿಯಲ್ಲಿ ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದ ಹೆಂಗಸನ್ನು ಕಂಡು, ಯಾವುದೋ ಮಗುವಿನ ತಾಯಿ ಇರಬೇಕೆಂದು ಬೆನ್ನು ತಟ್ಟಿದರು.

ಸಂಜೆ ತಂಗಿ ಮನೆಗೆ ಬಂದಾಗ ಎಂಟು ಅಂಗಿಗಳೂ ಯಂತ್ರದ ಮೇಲೆ ಒಂದರ ಮೇಲೊಂದು ಇದ್ದವು. ಟೈಲರಕ್ಕ ಬ್ಲೇಡು ಕೈಯಲ್ಲಿ ಹಿಡಿದು ಕಾಯುತ್ತಿದ್ದಳು, ಇನ್ನೂ ಒಂದು ಹೊಲಿಗೆಯನ್ನೂ ಬಿಚ್ಚಿರಲಿಲ್ಲ.

"ಹತ್ತಿ ತೆಗೀಲಾ?" ಎಂದು ಕೇಳಿದಳು.

ತಂಗಿ ಚಪ್ಪಲಿ ಬಿಟ್ಟು ಒಳಗೆ ಬಂದು, ಅಂಗಿಗಳನ್ನು ಒಂದೊಂದೇ ಎತ್ತಿ ನೋಡಿದಳು. "ಎರಡ್ರಲ್ಲಿ ಇರ್ಲಿ," ಎಂದಳು. "ಯಾವ ಎರಡು ಅಂತ ನಾನು ಹೇಳ್ತೀನಿ."